ಹಳದಿ ರಿಬ್ಬನ್ನಿನ ಪುಟ

ಪವಿತ್ರ ವಾರ, ಬುಧವಾರ

ಪ್ರೀತಿಯ ಪುಟ್ಟ,

ದೇವರು ನಿನ್ನ ಕೈಬಿಡದಿರಲಿ. ನಿನ್ನ ಕಾಗದ ಬಂದು ಹದಿಮೂರು ದಿನವಾಯಿತು. ಪುರುಸೊತ್ತಿರಲಿಲ್ಲ ಎಂದು ಬರೆದು ಒಂದು ಹಾಳೆ ಹರಿದುಹಾಕಿದೆ. ಪುರುಸೊತ್ತೇನೋ ಇತ್ತು, ನಿನಗೆ ಬರೆಯುವ ಮುಖವಿರಲಿಲ್ಲ. ನೀನು ಕೇಳಿದ್ದು ಎರಡೇ ಪ್ರಶ್ನೆ. ಆ ಭಾನುವಾರ ನಿನ್ನನ್ನು ಕಂಡೂ ನಾನೇಕೆ ಹೊರಗೆ ಬರಲಿಲ್ಲ? ಅಪ್ಪ ಕೊನೆಗಾದರೂ ನಿನ್ನನ್ನು ಕೇಳಿದರಾ? ಮೊದಲನೆಯದಕ್ಕೆ ಉತ್ತರ ಹೇಳುತ್ತೇನೆ. ಎರಡನೆಯದಕ್ಕೆ ಸ್ವಲ್ಪ ತಾಳು ಮಾರಾಯ.

ಇಲ್ಲಿ ಎಲ್ಲ ಕ್ಷೇಮ. ಆಸ್ಪತ್ರೆಯ ಲಾಂಡ್ರಿಗೆ ಹೊಸ ಇಸ್ತ್ರಿ ಯಂತ್ರ ಬಂದಿದೆ. ಮೇಲ್ವಿಚಾರಕಿ ಅದನ್ನು ಯಾರಿಗೂ ಮುಟ್ಟಲು ಬಿಡುವುದಿಲ್ಲ, ತನ್ನ ತವರಿನಿಂದ ತಂದವಳ ಹಾಗೆ ಆಡುತ್ತಾಳೆ. ಹಾಗಾಗಿ ನಾಳೆ ಚರ್ಚಿನಲ್ಲಿ ಪಾದ ತೊಳೆಯುವ ವಿಧಿಗೆ ಬೇಕಾದ ಹನ್ನೆರಡು ಟವೆಲ್‌ಗಳನ್ನು ಮನೆಯಲ್ಲೇ ಇಸ್ತ್ರಿ ಮಾಡಿದೆ.

ತಪಸ್ಸುಕಾಲದ ನಾಲ್ಕನೆಯ ಭಾನುವಾರದ, ನೀನು ಬಂದ ದಿನದ ವಿಷಯಕ್ಕೆ ಬರುತ್ತೇನೆ. ಸ್ವಾಮಿಗಳಿಗೆ ಗುಲಾಬಿ ಬಣ್ಣದ ಪೂಜಾವಸ್ತ್ರ ತೆಗೆದಿಟ್ಟು, ಪೂಜಾವಸ್ತ್ರಗಳ ಕೋಣೆಯ ಬಾಗಿಲ ಸಂದಿಯಿಂದ ಇಣುಕಿದೆ. ಕೊನೆಯ ಬೆಂಚಿನಲ್ಲಿ ನೀನಿದ್ದೆ. ಹನ್ನೊಂದು ವರ್ಷದ ಮೇಲೂ ಬೆನ್ನು ನೋಡಿದರೆ ಸಾಕು, ನೀನೇ ಅಂತ ಗೊತ್ತಾಗುತ್ತದೆ. ಥೇಟ್ ಅಪ್ಪನ ಹಾಗೆ ಕೂರುತ್ತೀಯ. ಮರುಕ್ಷಣವೇ ಸಿಟ್ಟು ನೆತ್ತಿಗೇರಿತು.

ವರ್ಷಕ್ಕೊಂದರಂತೆ ಸರದಿಯಲ್ಲಿ ಓದುವ ಮೂರು ವರ್ಷದ ಪಾಠಗಳೂ ಒಂದೇ ವಾಚನಗ್ರಂಥದಲ್ಲಿರುವುದು ಪಾದ್ರಿಯಾಗಲೆಂದು ಗುರುಮಠದಲ್ಲಿ ಓದಿದ ನಿನಗೆ ತಿಳಿಯದ್ದೇನಲ್ಲ. ಈ ವರ್ಷ ಓದಬೇಕಾದದ್ದು ದುಂದುಗಾರ ಮಗನ ಸಾಮತಿ. ಪುಟದ ಗುರುತಿನ ಹಳದಿ ರಿಬ್ಬನ್ನನ್ನು ಶನಿವಾರವೇ ಅಲ್ಲಿಟ್ಟಿದ್ದೆ. ಮನೆ ಬಿಟ್ಟುಹೋದ ಮಗ ಬರುತ್ತಾನೆ, ಅಪ್ಪ ಓಡಿಹೋಗಿ ತಬ್ಬಿಕೊಳ್ಳುತ್ತಾನೆ, ಮನೆ ತುಂಬ ಔತಣ. ಮನೆಯಲ್ಲೇ ದುಡಿದು ಸವೆದವರ ಕಡೆ ಯಾರಾದರೂ ತಿರುಗಿ ನೋಡುತ್ತಾರಾ? ಆ ಔತಣದ ಪಾತ್ರೆ ಯಾರು ತೊಳೆದರೋ! ನಿನ್ನೆದುರಿಗೆ ಸ್ವಾಮಿಗಳು ಅದನ್ನು ಓದುವುದು ನನಗೆ ಬೇಡವಾಗಿತ್ತು. ಗ್ರಂಥ ತೆರೆದು, ರಿಬ್ಬನ್ ಎತ್ತಿ, ಹುಟ್ಟುಕುರುಡನಿಗೆ ಕಣ್ಣು ಬಂದ ಪಾಠದ ಪುಟಕ್ಕೆ ಸೇರಿಸಿದೆ.

ಸ್ವಾಮಿಗಳಿಗೆ ಕಣ್ಣಿನ ಪೊರೆ. ರಿಬ್ಬನ್ ಎಲ್ಲಿದೆಯೋ ಅಲ್ಲಿ ತೆರೆದು, ಭೂತಗನ್ನಡಿ ಹಿಡಿದು ಓದುತ್ತಾರೆ. ಎರಡು ಸಾಲು ಓದಿ ನಿಂತರು, ನನ್ನತ್ತ ನೋಡಿದರು, ಮತ್ತೆ ಮುಂದುವರಿಸಿದರು. ಪ್ರಬೋಧನೆಗೆ ತಯಾರಾಗಿದ್ದದ್ದೇ ಬೇರೆ ಪಾಠಕ್ಕೆ, ಪಾಪ, ತಡವರಿಸಿ ಮುಗಿಸಿದರು. ಆಮೇಲೆ ಒಳಗೆ ಬಂದು, "ನನ್ನ ಕಣ್ಣು ನೋಡಿ ಬೇಕಂತಲೇ ಕುರುಡನ ಕಥೆ ಇಟ್ಟೆಯೇನಮ್ಮ?" ಎಂದು ನಕ್ಕರು. "ಕೈತಪ್ಪಾಯ್ತು ಸ್ವಾಮಿ" ಎಂದೆ. ಆ ಹೊತ್ತಿಗೆ ನೀನು ಹೊರಗೆ ಮೆಟ್ಟಿಲ ಮೇಲೆ ಕಾಯುತ್ತಿದ್ದೆ. ಆರ್ಗನ್ ಮೇಷ್ಟ್ರು ಎರಡು ಸಲ ಬಂದು, "ನಿನ್ನ ತಮ್ಮ ಕಣೇ, ಹೋಗೇ" ಎಂದರು. ಮಡಿಸಿದ ಬಟ್ಟೆಯನ್ನೇ ಬಿಚ್ಚಿ ಬಿಚ್ಚಿ ಮಡಿಸುತ್ತಾ ಕುಳಿತೆ. ನಿನ್ನ ಲಾರಿ ಹೊರಟ ಸದ್ದು ಕೇಳಿದ ಮೇಲೇ ಎದ್ದೆ.

ಮೊನ್ನೆ ಪಾಪನಿವೇದನೆಯಲ್ಲಿ ರಿಬ್ಬನ್ನಿನ ವಿಷಯ ಹೇಳಿದೆ. ಸ್ವಾಮಿಗಳು ಬೈಯಲಿಲ್ಲ. "ನನ್ನ ಹತ್ರ ಹೇಳಿ ಹಗುರ ಆಗ್ಬೇಡ. ಅವನಿಗೆ ಬರಿ. ನಿನ್ನ ಪ್ರಾಯಶ್ಚಿತ್ತ ಅದೇ" ಎಂದರು. ಇಪ್ಪತ್ತೆರಡು ವರ್ಷದಿಂದ ದೇವರ ಪೀಠ ಒರೆಸಿದ ಕೈಯಿದು, ಪುಟ್ಟ. ನಾಚಿಕೆಯಾಗುತ್ತಿದೆ.

ಈ ಭಾನುವಾರ ಪಾಸ್ಖ ಹಬ್ಬಕ್ಕೆ ಬಾ ಎಂದು ಕರೆಯುವ ಯೋಗ್ಯತೆ ನನಗಿಲ್ಲ. ಬಂದರೆ ಬಾಗಿಲು ತೆರೆದಿರುತ್ತದೆ. ನಿಧಾನವಾಗಿ ಓಡಿಸು, ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ದಾರಿಯುದ್ದಕ್ಕೂ ದೇವಮಾತೆಯ ಕಾವಲಿರಲಿ.

ನಿನ್ನ ಅಕ್ಕ

ಮರೆತ ಮಾತು: ಮರೆತದ್ದಲ್ಲ, ಧೈರ್ಯ ಸಾಲದೆ ಇಲ್ಲಿಯವರೆಗೆ ತಳ್ಳಿಕೊಂಡು ಬಂದೆ. ಅಪ್ಪ ನಿನ್ನನ್ನು ಕೇಳಿದರು. ಗುರುಮಠ ಬಿಟ್ಟು ಬಂದೆಯೆಂದು ನಿನ್ನನ್ನು ಆಚೆ ಅಟ್ಟಿದ ಅದೇ ಅಪ್ಪ, ಕ್ರಿಸ್ಮಸ್ಸಿಗೆ ಮುಂಚಿನ ಆಗಮನ ಕಾಲದ ಮೊದಲ ವಾರ, ಲಕ್ವ ಹೊಡೆದು ಬಲಗೈ ಬಿದ್ದುಹೋದ ಮೇಲೆ, ನನ್ನ ಕೈಯಲ್ಲಿ ನಿನಗೊಂದು ಕಾಗದ ಬರೆಸಿದರು. ನಾನದನ್ನು ಅಂಚೆಗೆ ಹಾಕಲಿಲ್ಲ. ಬಾಯಿಗೆ ಗಂಜಿ ಹಾಕುತ್ತಿರುವವಳು ನಾನು, ಅವರ ಕಣ್ಣು ಮಾತ್ರ ಬಾಗಿಲ ಕಡೆಗೆ. ಆ ಹೊಟ್ಟೆಕಿಚ್ಚಿಗೆ ಕಾಗದ ಹಾಕಲಿಲ್ಲ. "ಪುಟ್ಟಂದು ಉತ್ತರ ಬಂತಾ?" ಎಂದು ದಿನಾ ಕೇಳುತ್ತಿದ್ದರು. "ಇಲ್ಲಪ್ಪ" ಎನ್ನುತ್ತಿದ್ದೆ. ನಿನಗೆ ಇನ್ನೂ ಕೋಪವಿದೆ ಎಂದುಕೊಂಡೇ ಹೋಗಿಬಿಟ್ಟರು. ಮಣ್ಣಾದ ಮೇಲಷ್ಟೇ ನಿನಗೆ ತಿಳಿಸಿದೆ.

ವಿಭೂತಿ ಬುಧವಾರಕ್ಕೆಂದು ಹೋದ ವರ್ಷದ ಗರಿಗಳ ಭಾನುವಾರದ ಹಳೆಯ ಗರಿಗಳನ್ನು ಸುಡುವಾಗ ಆ ಕಾಗದವನ್ನೂ ಬೆಂಕಿಗೆ ಹಾಕಿದೆ. ಆ ಬೂದಿಯನ್ನೇ ಸ್ವಾಮಿಗಳು ಊರಿನವರ ಹಣೆಗೆಲ್ಲ ಹಚ್ಚಿದರು. ನನ್ನ ಹಣೆಗೂ ಹಚ್ಚಿದರು. ಇದನ್ನು ಪಾಪನಿವೇದನೆಯಲ್ಲಿ ಇನ್ನೂ ಹೇಳಿಲ್ಲ, ಮೊದಲು ನಿನಗೆ ಹೇಳಬೇಕಿತ್ತು.

ಸುಟ್ಟರೇನು, ಒಂದಕ್ಷರವೂ ಮರೆತಿಲ್ಲ. ಅಪ್ಪ ಬರೆಸಿದ್ದು ಇಷ್ಟೇ: "ಮಗಾ, ಅವತ್ತು ನಾನು ಆಡಿದ್ದು ತಪ್ಪು. ಇದು ಸಿಕ್ಕಿದ ತಕ್ಷಣ ಬಾ. ನನಗೆ ಕೈ ಆಡಲ್ಲ, ಅಕ್ಕನ ಹತ್ರ ಬರೆಸ್ತಿದೀನಿ. ಅವಳು ಬರೆದಿದ್ದನ್ನ ನಂಬು."