ಬೀಗ ಬಿದ್ದ ನಲ್ಲಿ, ಮೂರನೇ ಪ್ರತಿವಾದಿ

ಮಾನ್ಯ ತಾಲ್ಲೂಕು ದಂಡಾಧಿಕಾರಿಗಳೇ,

ಕೆಂಗೇರಿ ಉಪನಗರದ ಬೆನ್ನಿಗಿರುವ ನಮ್ಮ ಕಲ್ಲುಗುಂಡಿ ಕಾಲೋನಿಯ ಒಂದೇ ಒಂದು ನಲ್ಲಿಗೆ ತಾವು ಬೀಗ ಹಾಕಿಸಿ ಇವತ್ತಿಗೆ ಮೂವತ್ತೆರಡು ದಿನ. ನಲ್ಲಿಯ ಹತ್ತಿರ ಜಗಳವಾಯಿತೆಂದು ಬೀಗ. ಆ ಜಗಳ ಬಿಡಿಸಲು ಹೋದ ನನಗೆ, ಇನ್ನೊಂದು ವರ್ಷ ಶಾಂತಿಯಿಂದ ಇರುತ್ತೇನೆಂದು ಮುಚ್ಚಳಿಕೆ ಬರೆದುಕೊಡುವಂತೆ ನೋಟೀಸು. ಏಪ್ರಿಲ್ ಇಪ್ಪತ್ತೊಂದರ ಸೋಮವಾರ ತಮ್ಮ ಮುಂದೆ ಹಾಜರಾಗಬೇಕಂತೆ. ಆಗುತ್ತೇನೆ. ಆದರೆ ತಮ್ಮ ಕಚೇರಿಯಲ್ಲಿ ಒಬ್ಬೊಬ್ಬರಿಗೆ ಎರಡು ನಿಮಿಷ ಸಿಕ್ಕರೆ ಪುಣ್ಯ ಎಂದು ಅನುಭವಸ್ಥರು ಹೇಳುತ್ತಾರೆ. ನನ್ನ ಮಾತು ಅದಕ್ಕಿಂತ ಸ್ವಲ್ಪ ಉದ್ದ. ಅದಕ್ಕೇ ಪತ್ರಿಕೆಯ ಮೂಲಕ ಮೊದಲೇ ಹೇಳಿಬಿಡುತ್ತಿದ್ದೇನೆ. ಊರವರೂ ಓದಿಕೊಳ್ಳಲಿ.

ನಾನು ಇನ್ನಾಸಪ್ಪ. ಮೈಸೂರು ರಸ್ತೆಯ ಒಂದು ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಪೈಪ್ ಫಿಟ್ಟರ್ ಆಗಿದ್ದು ನಿವೃತ್ತನಾದವನು. ಕ್ರೈಸ್ತ. ಕಾಲೋನಿಯ ಮೂಲೆಯಲ್ಲಿ ಶೀಟು ಹೊದಿಸಿದ ಪುಟ್ಟ ಪ್ರಾರ್ಥನಾ ಮಂದಿರವಿದೆ. ಅದರ ಗಂಟೆ ಬಾರಿಸುವುದು, ಕಸ ಗುಡಿಸುವುದು, ಮಕ್ಕಳಿಗೆ ಜಪ ಕಲಿಸುವುದು ನನ್ನ ಪಾಲಿನ ಕೆಲಸ. ಕಾಲೋನಿಯಲ್ಲಿ ಎರಡು ಸಾಲು. ಮೇಲಿನ ಸಾಲಿನವರು ಹಳೇ ಕೆಂಗೇರಿಯವರು, ಕಲ್ಲು ಒಡೆದು, ಸೊಪ್ಪು ಬೆಳೆದು ಬದುಕಿದವರು. ಕೆಳಗಿನ ಸಾಲಿನವರು ಉಪನಗರದ ಮನೆಗಳನ್ನು ಕಟ್ಟಲೆಂದು ದಾವಣಗೆರೆ, ಚಿತ್ರದುರ್ಗದ ಕಡೆಯಿಂದ ಬಂದ ಗಾರೆ ಕೆಲಸದವರು. ಇವರು ಕಟ್ಟಿದ ಮನೆಗಳಲ್ಲಿ ಅಡುಗೆಮನೆಗೊಂದು ನಲ್ಲಿ, ಬಚ್ಚಲಿಗೊಂದು ನಲ್ಲಿ, ಅಂಗಳದ ಗುಲಾಬಿ ಗಿಡಕ್ಕೆ ಇನ್ನೊಂದು. ಕಲ್ಲು ಒಡೆದವರಿಗೂ ಮನೆ ಕಟ್ಟಿದವರಿಗೂ ಸೇರಿ, ಅರವತ್ತೆರಡು ಕುಟುಂಬಗಳಿಗೆ ಒಂದು. ಗುಲಾಬಿ ಗಿಡವಾಗಿ ಹುಟ್ಟಿದ್ದರೆ ಚೆನ್ನಾಗಿತ್ತು ಎಂದು ನಮ್ಮವರು ತಮಾಷೆ ಮಾಡುತ್ತಾರೆ.

ಮಾರ್ಚ್ ಹತ್ತನೇ ತಾರೀಖು ಸೋಮವಾರ, ಬೆಳಗ್ಗೆ ಆರಕ್ಕೆ ಬರಬೇಕಾದ ನೀರು ಎಂಟಕ್ಕೆ ಬಂತು. ಬಂದದ್ದೂ ದಾರದಷ್ಟು ಸಣ್ಣಗೆ. ಮೇಲಿನ ಸಾಲಿನ ಚಿಕ್ಕಗಂಗಮ್ಮ ಸೊಪ್ಪು ಮಾರುವವರು, ಗಟ್ಟಿಗಿತ್ತಿ. ನಸುಕಿಗೇ ಕೊಡವಿಟ್ಟು ಸರದಿ ಹಿಡಿದಿದ್ದರು. ಕೆಳಗಿನ ಸಾಲಿನ ಗಿರಿಜಾದೇವಿ ಆ ಕೊಡವನ್ನು ಪಕ್ಕಕ್ಕೆ ಸರಿಸಿ ತಮ್ಮ ತಾಮ್ರದ ಕೊಡ ಇಟ್ಟರು. ಅವರ ಮನೆಯಲ್ಲಿ ಸೊಸೆಗೆ ಹೆರಿಗೆಯಾಗಿ ಆರು ದಿನವಾಗಿತ್ತು.

“ಯಾರಮ್ಮಾ ಅದು, ನನ್ ಕೊಡ ಸರಿಸಿದ್ದು?”

“ನಾನೇ ಸರಿಸೀನ್ರೀ. ಮನ್ಯಾಗ ಬಾಣಂತಿ ಅದಾಳ, ಎರಡು ಕೊಡ ಹಿಡ್ಕಂಡು ಹೋಗ್ತೀನಿ.”

“ನಮ್ಮನೇಲೂ ಬಾಣಂತೀರು ಆಗಿದ್ರು. ನಾವ್ಯಾರ್ ಕೊಡಾನೂ ಎತ್ತಿ ಬಿಸಾಕ್ಲಿಲ್ಲ ಕಣಮ್ಮ!”

ಇಲ್ಲಿಂದ ಮುಂದಿನ ಮಾತುಗಳನ್ನು ಪತ್ರಿಕೆಯವರು ಅಚ್ಚು ಹಾಕಲಾರರು. ಐದು ನಿಮಿಷದಲ್ಲಿ ಎರಡೂ ಸಾಲು ನಲ್ಲಿಯ ಸುತ್ತ ಸೇರಿತ್ತು. ನಾನು ಹಲ್ಲುಜ್ಜುತ್ತಿದ್ದವನು ಹಾಗೇ ಓಡಿಹೋಗಿ ನಡುವೆ ನಿಂತೆ. ತಾಮ್ರದ ಕೊಡ ಜಾರಿ ಚಿಕ್ಕಗಂಗಮ್ಮನವರ ಕಾಲ ಹೆಬ್ಬೆರಳಿನ ಮೇಲೆ ಬಿತ್ತು. ಅವರು ಸಿಟ್ಟಿಗೆ ಬೀಸಿದ ಚೊಂಬು ಗಿರಿಜಾದೇವಿಯವರಿಗೆ ತಾಕದೆ ನನ್ನ ಹಣೆಗೆ ತಾಕಿತು. ಮೂರು ಹೊಲಿಗೆ. ರಕ್ತ ಕಂಡಕೂಡಲೇ ಎಲ್ಲರೂ ಗಪ್ಪಾದರು. ಆ ಲೆಕ್ಕದಲ್ಲಿ ಅವತ್ತು ಶಾಂತಿ ಸ್ಥಾಪಿಸಿದ್ದು ನನ್ನ ಹಣೆಯೇ.

ಆಮೇಲೆ ಜೀಪು ಬಂತು. ಮಹಜರಿನಲ್ಲಿ ಚಿಕ್ಕಗಂಗಮ್ಮ ಒಂದನೇ ಪ್ರತಿವಾದಿ, ಗಿರಿಜಾದೇವಿ ಎರಡನೇ ಪ್ರತಿವಾದಿ. ‘ಎರಡೂ ಗುಂಪಿನ ನಡುವೆ ಎರಡೂ ಕೈ ಎತ್ತಿಕೊಂಡು ಕೂಗಾಡುತ್ತಿದ್ದ ವ್ಯಕ್ತಿ’ ಮೂರನೇ ಪ್ರತಿವಾದಿ. ಕೈ ಎತ್ತಿದ್ದು ನಿಜ, ತಲೆಯ ಮೇಲೆ ಕೊಡ ಬೀಳದಿರಲೆಂದು. ಕೂಗಿದ್ದೂ ನಿಜ. ಅಷ್ಟು ಜನ ಕಿರುಚುತ್ತಿರುವಾಗ ಪಿಸುಗುಟ್ಟಿದರೆ ಯಾರಿಗೆ ಕೇಳಿಸುತ್ತದೆ? ಮಾರನೆಯ ದಿನ ತಮ್ಮ ಆದೇಶ ಹಿಡಿದು ಇಬ್ಬರು ಬಂದು, ನಲ್ಲಿಯ ಹಿಡಿ ಕಳಚಿ, ಕಬ್ಬಿಣದ ಪಟ್ಟಿ ಸುತ್ತಿ, ಬೀಗ ಜಡಿದು, ಅದರ ಮೇಲೆ ಅರಗಿನ ಮುದ್ರೆ ಒತ್ತಿ ಹೋದರು.

ಎಷ್ಟು ಸರಳವಾದ ಪರಿಹಾರ, ಸ್ವಾಮೀ! ನೀರಿಗಾಗಿ ಜಗಳವೇ? ನೀರನ್ನೇ ನಿಲ್ಲಿಸಿ. ಈ ಸೂತ್ರವನ್ನು ತಾವು ಇನ್ನೂ ವಿಸ್ತರಿಸಬಹುದು. ಬಸ್ಸಿನಲ್ಲಿ ಸೀಟಿಗಾಗಿ ದಿನಾ ಜಗಳ, ಸೀಟು ಕಿತ್ತುಹಾಕಿಸಿ. ಗಂಡ ಹೆಂಡಿರ ಜಗಳಕ್ಕೆ ಏನು ಕಿತ್ತುಹಾಕಿಸುವಿರೋ ನಾನು ಹೇಳಲಾರೆ. ಬೀಗ ಬಿದ್ದ ಮೇಲೆ ನಲ್ಲಿಯ ಹತ್ತಿರ ನಾಯಿಯೂ ಸುಳಿಯಲಿಲ್ಲ. ಶಾಂತಿ ಎಂದರೆ ಸದ್ದಿಲ್ಲದಿರುವುದು ಎಂದಾದರೆ ಅಂಥ ಶಾಂತಿ ಇಡೀ ತಾಲ್ಲೂಕಿನಲ್ಲಿ ಇನ್ನೆಲ್ಲೂ ಇರಲಿಲ್ಲ. ಸದ್ದೆಲ್ಲ ಒಂದೂವರೆ ಮೈಲಿ ದೂರದ ತೋಟದ ಬಾವಿಗೆ ಹೋಗಿತ್ತು. ಹೆಂಗಸರು ಬಿಸಿಲಲ್ಲಿ ಅಲ್ಲಿಂದ ನೀರು ಹೊತ್ತು ತಂದರು, ಬಾಣಂತಿಯ ಮನೆಗೂ ಸೇರಿಸಿ.

ಇನ್ನು ಮುಚ್ಚಳಿಕೆ. ಅದರಲ್ಲಿ ನನಗೆಂದೇ ಎರಡು ಷರತ್ತುಗಳಿವೆ. ಒಂದು, ನಲ್ಲಿಯಿಂದ ನೂರು ಗಜದೊಳಗೆ ಸುಳಿಯಬಾರದು. ಎರಡು, ಇತರರ ವ್ಯಾಜ್ಯಗಳಲ್ಲಿ ಯಾವ ರೀತಿಯಲ್ಲೂ ಪ್ರವೇಶಿಸಬಾರದು. ನನ್ನ ಮನೆ ನಲ್ಲಿಯಿಂದ ನಲವತ್ತು ಗಜ ದೂರದಲ್ಲಿದೆ. ಆದ್ದರಿಂದ ಮೊದಲನೆಯ ಷರತ್ತಿನ ಪ್ರಕಾರ ನಾನು ಮಲಗಬೇಕಾದದ್ದು ಎಲ್ಲಿ ಎಂದು ತಾವೇ ತಿಳಿಸಬೇಕು. ಅದನ್ನಾದರೂ ನಕ್ಕು ಸಹಿಸಿಕೊಂಡೇನು. ಎರಡನೆಯದು ನನ್ನಿಂದಾಗದು.

ಭಾನುವಾರ ಪೂಜೆಗೆ ಹೋಗಿ ಕೂತು ಎದ್ದು ಬರುವುದಷ್ಟೇ ಕ್ರೈಸ್ತನ ಕೆಲಸವಾಗಿದ್ದರೆ ಕಣ್ಣು ಮುಚ್ಚಿ ರುಜು ಹಾಕುತ್ತಿದ್ದೆ. ಆದರೆ ನಾನು ನಂಬಿದ ಯೇಸುಸ್ವಾಮಿ ಬೇರೆಯವರ ವ್ಯಾಜ್ಯದಲ್ಲಿ ತಲೆ ಹಾಕಿದ್ದೇ ಹಾಕಿದ್ದು. ಕಲ್ಲು ಹಿಡಿದ ಗುಂಪಿಗೂ, ಆ ಕಲ್ಲೇಟು ತಿನ್ನಬೇಕಾಗಿದ್ದ ಒಬ್ಬ ಹೆಣ್ಣುಮಗಳಿಗೂ ನಡುವೆ ಹೋಗಿ ಕೂತವರು. ಬಡವರ ಪಾಲನ್ನು ಕೇಳುವುದಕ್ಕೆ ಯಾರ ಅಪ್ಪಣೆಗೂ ಕಾದವರಲ್ಲ. ಅವರನ್ನೂ ಒಬ್ಬ ಅಧಿಕಾರಿಯ ಮುಂದೆ ನಿಲ್ಲಿಸಿದ್ದರು. ಆತ, ಈ ತೀರ್ಪಿನ ಪಾಪ ತನಗಿಲ್ಲವೆಂದು, ನೀರು ತರಿಸಿ ಕೈ ತೊಳೆದುಕೊಂಡ. ತಮ್ಮನ್ನು ಆತನಿಗೆ ಹೋಲಿಸುತ್ತಿದ್ದೇನೆಂದು ದಯವಿಟ್ಟು ಭಾವಿಸಬೇಡಿ. ಆತನಿಗೆ ನೀರಾದರೂ ಸಿಕ್ಕಿತ್ತು. ನಮ್ಮ ಕಾಲೋನಿಗೆ ಬಂದು ಕೈ ತೊಳೆದುಕೊಳ್ಳುತ್ತೇನೆಂದರೆ ತಮಗೆ ಅದೂ ಸಿಗದು.

ಇಷ್ಟು ದಿನವಾದರೂ ನಾನೇಕೆ ಬೀಗ ಕಿತ್ತಿಲ್ಲ ಎಂದು ಕಾಲೋನಿಯ ಹುಡುಗರು ಕೇಳುತ್ತಾರೆ. “ನಿಮ್ ಕೈಲಾಗಲ್ವಾ ಅಂಕಲ್?” ಎಂದು ಕೆಣಕುತ್ತಾರೆ. ಮೂವತ್ತೊಂದು ವರ್ಷದ ಫಿಟ್ಟರನಿಗೆ ಅದು ಎರಡು ನಿಮಿಷದ ಕೆಲಸ. ಬೀಗದ ತಂಟೆಗೂ ಹೋಗಬೇಕಿಲ್ಲ, ಕೆಳಗೆ ಪೈಪು ಕೂಡುವ ಕಪ್ಲಿಂಗ್ ಬಿಚ್ಚಿದರೆ ಸಾಕು, ಅರಗಿನ ಮುದ್ರೆ ಹಾಗೇ ಇರುತ್ತದೆ. ಪೈಪ್ ಪಾನಾ ನನ್ನ ಮಂಚದ ಕೆಳಗಿದೆ. ಎರಡು ಸಲ ಕೈಗೆ ತೆಗೆದುಕೊಂಡು ಎರಡು ಸಲ ವಾಪಸ್ಸು ಇಟ್ಟಿದ್ದೇನೆ. ಕದ್ದು ಹಿಡಿದ ನೀರಿಗೆ ಮತ್ತೆ ಜಗಳವಾಗುತ್ತದೆ ಎಂಬುದು ನನ್ನ ಭಯ. ಆ ಬೀಗವನ್ನು ಹಾಕಿಸಿದವರೇ ತೆಗೆಸಬೇಕು ಎಂಬುದು ನನ್ನ ಹಟ.

ಈಗ ಪವಿತ್ರ ಗುರುವಾರದ ಸಂಗತಿ ಹೇಳುತ್ತೇನೆ. ತಾವು ವಿಚಾರಣೆಯಲ್ಲಿ ಇದನ್ನು ಸಾಕ್ಷ್ಯವೆಂದು ಪರಿಗಣಿಸಬೇಕೆಂದು ಕೋರುತ್ತೇನೆ.

ಈಸ್ಟರ್‌ಗೆ ಮೂರು ದಿನ ಮುಂಚಿನ ಆ ಗುರುವಾರ ಸಂಜೆ ನಮ್ಮಲ್ಲಿ ಗುರುಗಳು ಹನ್ನೆರಡು ಜನರ ಕಾಲು ತೊಳೆಯುತ್ತಾರೆ. ಯೇಸುಸ್ವಾಮಿ ಸಾಯುವ ಮುನ್ನಾದಿನ ತಮ್ಮ ಹನ್ನೆರಡು ಶಿಷ್ಯರ ಕಾಲು ತೊಳೆದದ್ದರ ನೆನಪಿಗೆ. ನಿಜ ಹೇಳಬೇಕೆಂದರೆ ಪ್ರತಿವರ್ಷ ಆ ಹನ್ನೆರಡು ಜನ ಮನೆಯಲ್ಲೇ ಸೋಪು ಹಚ್ಚಿ, ಉಗುರು ಕತ್ತರಿಸಿಕೊಂಡು ಬರುವುದು ವಾಡಿಕೆ. ತೊಳೆದ ಕಾಲನ್ನೇ ಗುರುಗಳು ಇನ್ನೊಮ್ಮೆ ತೊಳೆಯುತ್ತಾರೆ. ನಾನೂ ಆರು ವರ್ಷ ಹಾಗೆ ತೊಳೆಸಿಕೊಂಡವನೇ. ಈ ಸಲ ನಮ್ಮ ಫಾದರ್, ಲೂನಾ ಮೇಲೆ ಬರುವ ಎಳೆ ವಯಸ್ಸಿನವರು, ಅದೆಲ್ಲ ಬೇಡವೆಂದರು. “ಇನ್ನಾಸಪ್ಪ, ಮೇಲಿನ ಸಾಲಿಂದ ಆರು ಜನ, ಕೆಳಗಿನ ಸಾಲಿಂದ ಆರು ಜನಾನ ಕರೀರಿ. ಕೊಡ ಎತ್ತಿದೋರನ್ನೇ ಕರೀರಿ.” ಅವರು ಯಾರೂ ಕ್ರೈಸ್ತರಲ್ಲ, ಮೇಲಾಗಿ ಹೆಚ್ಚಿನವರು ಹೆಂಗಸರು, ನಮ್ಮ ಪದ್ಧತಿಯಲ್ಲಿ ಗಂಡಸರ ಕಾಲಷ್ಟೇ ತೊಳೆಯುವುದು ಎಂದೆ. “ಜಗಳ ಆಡಿದ್ದು ಹೆಂಗಸರು. ಬರೀ ಗಂಡಸರ ಕಾಲು ತೊಳೆದು ಏನು ಬಂತು?” ಎಂದರು. ಇದರ ಬಗ್ಗೆ ಅವರ ಮೇಲಿನವರು ಕೇಳಿದರೆ ಅವರಿಗೂ ಒಂದು ನೋಟೀಸು ಬರಬಹುದು. ಆಗ ಇಬ್ಬರೂ ಒಟ್ಟಿಗೆ ಬರುತ್ತೇವೆ.

ನಾನು ಮನೆಮನೆಗೆ ಹೋಗಿ ಕರೆದೆ. “ಗುರುವಾರ ಸಂಜೆ ಬನ್ನಿ, ನಮ್ಮ ಗುರುಗಳದ್ದು ಕಾಲು ತೊಳೆಯೋ ಕಾರ್ಯಕ್ರಮ ಇದೆ.” ಕುಡಿಯುವುದಕ್ಕೇ ನೀರಿಲ್ಲದಾಗ ಕಾಲಿಗೆ ಸುರಿಯುತ್ತಾರಂತೆ ಎಂದು ಚಿಕ್ಕಗಂಗಮ್ಮ ನನಗೆ ಚೆನ್ನಾಗಿ ಬೈದರು. ಅದು ನ್ಯಾಯವಾದ ಬೈಗುಳವೇ. ನನಗೂ ನಾಚಿಕೆಯಾಯಿತು. ಒಂದು ಚೊಂಬಿನಲ್ಲೇ ಮುಗಿಸುತ್ತೇವೆ ತಾಯೀ ಎಂದು ಮಾತು ಕೊಟ್ಟೆ.

ಸಂಜೆ ಹನ್ನೆರಡು ಜನವೂ ಬಂದರು. ಎರಡು ಬೆಂಚಿನಲ್ಲಿ ಎದುರುಬದುರು ಕೂತರು. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಚೊಂಬು ನೀರು! ಗಿರಿಜಾದೇವಿಯವರ ಯಜಮಾನರು ಜಂಬಣ್ಣ ಮೇಸ್ತ್ರಿಗಳಂತೂ ತಟ್ಟೆಯಲ್ಲಿ ಹೂವು, ವಿಭೂತಿ, ಬಾಳೆಹಣ್ಣು ಜೋಡಿಸಿಕೊಂಡು ಬಂದಿದ್ದರು. ನನಗೆ ಆಗ ಹೊಳೆಯಿತು. ಗುರುಗಳ ಕಾಲು ತೊಳೆಯುವ ಕಾರ್ಯಕ್ರಮವೆಂದರೆ ಶಿಷ್ಯರು ಗುರುಗಳ ಪಾದ ತೊಳೆಯುವುದಲ್ಲದೆ ಮತ್ತೇನು? ಅವರ ಮನೆಗಳಲ್ಲಿ ತಲತಲಾಂತರದಿಂದ ನಡೆದು ಬಂದದ್ದು ಹಾಗೆಯೇ. ತಾವಾಗಿದ್ದರೂ ಹಾಗೇ ತಿಳಿಯುತ್ತಿದ್ದಿರಿ. ಎಷ್ಟೇ ಕಷ್ಟದಲ್ಲಿದ್ದರೂ ಗುರುವಿನ ಪಾದಕ್ಕೆ ಒಂದು ಚೊಂಬು ಇಲ್ಲವೆನ್ನಬಾರದೆಂದು ಒಂದೂವರೆ ಮೈಲಿಯಿಂದ ಹೊತ್ತು ತಂದಿದ್ದ ನೀರು ಅದು.

ಫಾದರ್ ನಡುವಿಗೆ ಟವೆಲು ಕಟ್ಟಿಕೊಂಡು ಜಂಬಣ್ಣನವರ ಮುಂದೆ ಮೊಣಕಾಲೂರಿದರು. ಜಂಬಣ್ಣ ಹೌಹಾರಿ ಎರಡೂ ಕಾಲನ್ನು ಬೆಂಚಿನ ಮೇಲೆ ಎಳೆದುಕೊಂಡರು.

“ಶಿವ ಶಿವಾ! ಗುರುಗಳು ನಮ್ ಕಾಲು ಮುಟ್ಟಾದಾ? ಏಳ್ರಿ ಮ್ಯಾಲೆ, ಏಳ್ರಿ!”

“ನೀವು ಮನೆ ಕಟ್ಟೋರು. ಆ ಕಾಲು ತೊಳೆಯೋಕೆ ಪುಣ್ಯ ಬೇಕು. ಕೊಡಿ.”

“ಮೊದ್ಲು ನಿಮ್ದು ಕೊಡ್ರಿ!”

ಹೀಗೆ ಇಬ್ಬರೂ ಒಬ್ಬರ ಕಾಲನ್ನು ಒಬ್ಬರು ಎಳೆದಾಡಿದ್ದನ್ನು ದೂರದಿಂದ ಯಾರಾದರೂ ನೋಡಿದ್ದರೆ ಇನ್ನೊಂದು ಮಹಜರು ಆಗುತ್ತಿತ್ತು. ಎರಡೂ ಸಾಲಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹದಿನೇಳು ದಿನದಲ್ಲಿ ಅವರು ಒಟ್ಟಿಗೆ ಮಾಡಿದ ಮೊದಲ ಕೆಲಸ ಅದು. ಕೊನೆಗೆ ಒಪ್ಪಂದವಾಯಿತು. ಫಾದರ್ ಎಲ್ಲರದ್ದೂ ತೊಳೆಯುವುದು, ಆಮೇಲೆ ಜಂಬಣ್ಣ ಫಾದರ್‌ದು ತೊಳೆಯುವುದು. ಆದರೆ ಹನ್ನೆರಡು ಚೊಂಬಿಗೂ ಒಂದೇ ಬೋಗುಣಿ. ಮೇಲಿನ ಸಾಲಿನ ನೀರು ಯಾವುದು, ಕೆಳಗಿನ ಸಾಲಿನದು ಯಾವುದು ಎಂದು ನೋಡದೆ ಅರ್ಧರ್ಧ ಚೊಂಬು ಅದಕ್ಕೆ ಸುರಿದರು. ಉಳಿದರ್ಧವನ್ನು ಬಾಣಂತಿಯ ಮನೆಗೆಂದು ಬದಿಗಿಟ್ಟವರು ಯಾರು ಗೊತ್ತೇ? ಚಿಕ್ಕಗಂಗಮ್ಮ.

ಫಾದರ್ ತಮ್ಮ ಮುಂದೆ ಬಂದಾಗ ಚಿಕ್ಕಗಂಗಮ್ಮ ಹೆಬ್ಬೆರಳಿನ ಬಟ್ಟೆ ಬಿಚ್ಚಿದರು. ಉಗುರು ಕಪ್ಪಾಗಿ ಊದಿಕೊಂಡಿತ್ತು. ಎದುರು ಬೆಂಚಿನಿಂದ ಗಿರಿಜಾದೇವಿ ಬಗ್ಗಿ ನೋಡಿದರು.

“ಅಯ್ಯ, ಇದು ನನ್ನ ಕೊಡದ್ದೇನ್ರೀ?”

“ಇನ್ಯಾರ್ದು, ನಿಮ್ಮತ್ತೇದಾ?”

ಗಿರಿಜಾದೇವಿ ಎದ್ದು ಬಂದು ಫಾದರ್ ಕೈಯಿಂದ ಚೊಂಬು ಕಸಿದುಕೊಂಡರು. ನೆಲಕ್ಕೆ ಕೂತು ಆ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ತಾವೇ ತೊಳೆದರು, ಸೆರಗಿನಲ್ಲಿ ಒರೆಸಿದರು. “ಮೆತ್ಗೆ ಕಣಮ್ಮ, ಉರೀತದೆ” ಎಂದರು ಚಿಕ್ಕಗಂಗಮ್ಮ. ನಾನು ಅತ್ತುಬಿಟ್ಟೆ. ಅರವತ್ತು ದಾಟಿದವನು, ಹಣೆಗೆ ಪಟ್ಟಿ ಕಟ್ಟಿಕೊಂಡು ಎಲ್ಲರೆದುರು ಅತ್ತೆ ಎಂದು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಅರವತ್ತು ವರ್ಷ ಪೂಜೆಯಲ್ಲಿ ಕೇಳಿದ ಉಪದೇಶಗಳೆಲ್ಲ ಅವತ್ತು ಅರ್ಥವಾದವು.

ಅಲ್ಲೇ ಕೂತು, ಜಂಬಣ್ಣನವರ ಬಾಳೆಹಣ್ಣು ತಿನ್ನುತ್ತಾ, ಹನ್ನೆರಡು ಜನ ನಲ್ಲಿಯ ನಿಯಮ ಮಾಡಿದರು. ಒಂದು ದಿನ ಮೇಲಿನ ಸಾಲಿಂದ ಶುರು, ಒಂದು ದಿನ ಕೆಳಗಿನ ಸಾಲಿಂದ. ಬಾಣಂತಿ, ಕಾಯಿಲೆಯವರು ಇರುವ ಮನೆಗೆ ಯಾವತ್ತೂ ಮೊದಲ ಕೊಡ. ತಮ್ಮ ಇಲಾಖೆಯ ಯಾವ ಆದೇಶವೂ ಇಷ್ಟು ಚಿಕ್ಕದಾಗಿ, ಇಷ್ಟು ಚೊಕ್ಕವಾಗಿ ಇರಲಾರದು. ಎಲ್ಲ ಸರಿಯಾಯಿತು, ನಿಯಮ ಪಾಲಿಸಲು ನಲ್ಲಿಯೊಂದು ಇರಲಿಲ್ಲ.

ಮುಚ್ಚಳಿಕೆಗೆ ಇಬ್ಬರು ಸ್ಥಳೀಯ ಜಾಮೀನುದಾರರು ಬೇಕೆಂದು ನೋಟೀಸಿನಲ್ಲಿದೆಯಲ್ಲ, ಅದನ್ನು ವಿಚಾರಿಸಲು ಮೊನ್ನೆ ತಮ್ಮ ಕಚೇರಿಗೆ ಹೋಗಿದ್ದೆ. ಜಾಮೀನಿಗೆಂದು ಇಬ್ಬರು ಹೆಂಗಸರು ತಾವಾಗಿಯೇ ನನ್ನ ಹಿಂದೆ ಬಸ್ಸು ಹತ್ತಿದ್ದರು. ತಮ್ಮ ಗುಮಾಸ್ತರು ಹೆಸರು ಕೇಳಿದರು. ಚಿಕ್ಕಗಂಗಮ್ಮ. ಗಿರಿಜಾದೇವಿ. ಗುಮಾಸ್ತರು ಕನ್ನಡಕ ತೆಗೆದು ಒರೆಸಿ ಮತ್ತೆ ಕಡತ ನೋಡಿದರು. ಒಂದನೇ ಮತ್ತು ಎರಡನೇ ಪ್ರತಿವಾದಿಗಳು ಮೂರನೇ ಪ್ರತಿವಾದಿಗೆ ಜಾಮೀನು ನಿಲ್ಲಲು ಕಾನೂನಿನಲ್ಲಿ ಅವಕಾಶವಿಲ್ಲವಂತೆ.

“ಜಗಳ ಆಡ್ದೋರು ನಾವು, ಏಟು ತಿಂದೋರು ಇವ್ರು” ಎಂದರು ಚಿಕ್ಕಗಂಗಮ್ಮ. “ಇವ್ರು ನೆಟ್ಟಗಿದಾರೆ ಅಂತ ನಮಗ್ ಗೊತ್ತಿರೋಷ್ಟು ಇನ್ಯಾರಿಗ್ ಗೊತ್ತು ಸಾರ್?”

ಗುಮಾಸ್ತರು ಕಡತ ಕಟ್ಟಿಟ್ಟು, ಸಾಹೇಬರನ್ನೇ ಕೇಳಿ ಎಂದರು. ಅದಕ್ಕೇ ತಮ್ಮನ್ನು ಕೇಳುತ್ತಿದ್ದೇನೆ.

ಆದ್ದರಿಂದ ನನ್ನ ಬೇಡಿಕೆ ಇದು. ಶಾಂತಿಯಿಂದಿರುತ್ತೇನೆಂದು ಬರೆದುಕೊಡಲು ನನ್ನದೇನೂ ಅಭ್ಯಂತರವಿಲ್ಲ. ಆ ಎರಡು ಷರತ್ತುಗಳನ್ನು ಹೊಡೆದುಹಾಕಿ. ಇಲ್ಲವಾದರೆ ರುಜು ಹಾಕುವುದಿಲ್ಲ, ತಾವು ಎಲ್ಲಿಗೆ ಕಳಿಸಿದರೂ ಹೋಗುತ್ತೇನೆ, ಅಲ್ಲೂ ಯಾರಾದರೂ ಜಗಳವಾಡುತ್ತಿರುತ್ತಾರೆ. ಆದರೆ ನನ್ನ ವಿಷಯ ಇಪ್ಪತ್ತೊಂದರವರೆಗೆ ಕಾಯಲಿ. ಬೀಗವನ್ನು ನಾಳೆಯೇ ತೆಗೆಸಿ. ತೆಗೆಯುವವರು ಸಿಗದಿದ್ದರೆ ನನ್ನ ಪಾನಾ ಇದೆ, ತಮ್ಮದೊಂದು ಚೀಟಿ ಸಾಕು. ಸಾಧ್ಯವಾದರೆ ತಾವೂ ಬನ್ನಿ, ಬೆಳಗ್ಗೆ ಆರಕ್ಕೆ, ಜೀಪಿಲ್ಲದೆ. ಬೀಗ ಬಿದ್ದ ನಲ್ಲಿಯ ಮುಂದೆ ಈಸ್ಟರ್ ದಿನದಿಂದ ಎರಡು ಖಾಲಿ ಕೊಡಗಳು ಸಾಲಾಗಿ ನಿಲ್ಲುತ್ತಿವೆ. ಮುಂದಿರುವುದು ಗಿರಿಜಾದೇವಿಯವರ ತಾಮ್ರದ ಕೊಡ, ಹಿಂದಿರುವುದು ಚಿಕ್ಕಗಂಗಮ್ಮನವರದು. ದಿನಾ ಬೆಳಗ್ಗೆ ಅವೆರಡನ್ನೂ ಆ ಕ್ರಮದಲ್ಲಿ ಇಟ್ಟು ಹೋಗುವವರು ಚಿಕ್ಕಗಂಗಮ್ಮ.

ಇಂತಿ,
ಹಣೆಯ ಹೊಲಿಗೆ ಬಿಚ್ಚಿಸಿಕೊಂಡು, ನೂರು ಗಜದೊಳಗಿನ ತನ್ನ ಮನೆಯಲ್ಲೇ ಕೂತು ಇದನ್ನು ಬರೆದ,
ಮೂರನೇ ಪ್ರತಿವಾದಿ ಇನ್ನಾಸಪ್ಪ
ಕಲ್ಲುಗುಂಡಿ ಕಾಲೋನಿ, ಕೆಂಗೇರಿ
12 ಏಪ್ರಿಲ್ 1986