ಸ್ವಇಚ್ಛೆಯಿಂದ

ಮಾರ್ಚ್ 4
ಇವತ್ತೂ ಅದೇ ಹಾಡು. ಆಸ್ಪತ್ರೆಯ ಹೊಸ ಬ್ಲಾಕಿಗೆ ಅರ್ಧ ಪಿಲ್ಲರ್ ಎದ್ದಿವೆ. ಇನ್ನರ್ಧ ಜಾಗದಲ್ಲಿ ಹಳೇ ನೀರಿನ ಪೈಪು. ಸರ್ಕಾರ ಸರಿಸಿಕೊಡಬೇಕು — ಸರಿಸಿಲ್ಲ. ಕಂಬಿ ತುಕ್ಕು ಹಿಡೀತಿದೆ. ಮಿಕ್ಸರ್ ಬಾಡಿಗೆ ಮಾತ್ರ ಓಡ್ತಾನೇ ಇದೆ, ಅದಕ್ಕೆ ಯಾವ ಪೈಪೂ ಅಡ್ಡ ಬರಲ್ಲ. ನಷ್ಟ ಕೇಳೋಣ ಅಂದ್ರೆ ಕರಾರಿನಲ್ಲೇ ಬರೆದಿದೆ: ತಡ ಯಾರಿಂದಲೇ ಆಗಲಿ, ಗುತ್ತಿಗೆದಾರ ಪರಿಹಾರ ಕೇಳುವಂತಿಲ್ಲ. ಹೊಡೆಯೋರೂ ಅವರೇ, ಅಳಬೇಡ ಅನ್ನೋರೂ ಅವರೇ.

ಮಾರ್ಚ್ 9
ಅಕ್ಕನ ಮನೆಗೆ ಹೋಗಿದ್ದೆ. ಮುಂದಿನ ಕೋಣೆಯಲ್ಲಿ ಕೂತು ಯಾರದೋ ಯೂನಿಫಾರ್ಮ್ ಹೊಲೀತಿದ್ಲು. ನನ್ನ ಗುತ್ತಿಗೆಗೆ ಅಂತ ಬ್ಯಾಂಕಿನಲ್ಲಿ ಅಡ ಇಟ್ಟಿರೋದು ಈ ಮನೇನೇ. ದುಡ್ಡು ಮುಗಿದು ಕೆಲಸ ರದ್ದಾದ್ರೆ ಮನೆ ಹೋಯ್ತು.
"ಯಾಕೋ, ಮುಖ ಸಪ್ಪಗಿದೆ?"
ಬಿಸಿಲು ಅಂದೆ.

ಏಪ್ರಿಲ್ 2
ವಕೀಲ ಗೆಳೆಯನ ಫೋನ್. ಮಸೂದೆ ಬರ್ತಿದೆಯಂತೆ! "ತಡ ಸರ್ಕಾರದ್ದಾದ್ರೆ ಆ ಷರತ್ತೇ ನಡೆಯಲ್ಲ ಕಣೋ. ನಡೀತಿರೋ ಕೆಲಸಕ್ಕೂ ಅನ್ವಯ." ಎರಡೆರಡು ಸಲ ಕೇಳ್ದೆ. "ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲೀಬೇಡ, ಇನ್ನೂ ಪಾಸಾಗ್ಬೇಕು" ಅಂತ ಬೈದ.

ಏಪ್ರಿಲ್ 26, ಸಂಜೆ
ಪಾಸಾಯ್ತು! ಒಬ್ಬರೂ ವಿರೋಧಿಸಲಿಲ್ಲವಂತೆ — ಅದೊಂದೇ ಸ್ವಲ್ಪ… ಇರಲಿ. ಖುಷಿ ತಡೀಲಾರದೆ ಅಕ್ಕನಿಗೆ ಎಲ್ಲಾ ಹೇಳಿಬಿಟ್ಟೆ. ಮನೆ ಅಪಾಯದಲ್ಲಿತ್ತು, ಈಗ ಪರಿಹಾರ ಸಿಗುತ್ತೆ, ಇನ್ನು ಭಯ ಇಲ್ಲ ಅಂತ.
"ಅಪಾಯ ಇದ್ದಾಗ ಬಾಯಿ ಬಿಡಲಿಲ್ಲ, ಹೋದ್ಮೇಲೆ ಹೇಳ್ತೀಯಲ್ಲೋ ಕಳ್ಳ!" ಅಂತ ಬೆನ್ನಿಗೊಂದು ಕೊಟ್ಲು. ಆಮೇಲೆ ಅತ್ಲು.

ಮೇ 20
ತಿಂಗಳ ಕೊನೆಗೆ ಕೆಲಸದ ಅವಧಿ ಮುಗಿಯುತ್ತೆ. ಪೈಪು ಇದ್ದಲ್ಲೇ ಇದೆ. ವಿಸ್ತರಣೆ ಕೇಳೋಕೆ ಇಲಾಖೆಯ ಇಂಜಿನಿಯರ್ ಸಾಹೇಬರ ಹತ್ರ ಹೋದೆ. ಟೀ ತರಿಸಿದ್ರು.
"ಅರ್ಜಿ ಜತೆ ಈಗ ಒಂದು ಪತ್ರ ಬೇಕು. ಇಲ್ಲಿಯವರೆಗಿನ ತಡಕ್ಕೆ ಪರಿಹಾರದ ಹಕ್ಕನ್ನು ಸ್ವಇಚ್ಛೆಯಿಂದ ಬಿಟ್ಟಿದ್ದೇನೆ ಅಂತ."
"ಕಾನೂನು ಬಂತಲ್ಲ ಸಾರ್?"
"ಕರಾರಿನ ಷರತ್ತು ಹೋಯ್ತು. ನೀವಾಗೇ ಬಿಟ್ಟುಕೊಟ್ರೆ ಕಾನೂನು ಬೇಡ ಅನ್ನುತ್ತಾ?"
"ಕೊಡದಿದ್ರೆ?"
"ಅವಧಿ ಇಲ್ಲ. ಕೆಲಸ ರದ್ದು. ಮೇಲಿನಿಂದ ಬಂದಿದೆ ಇವರೇ, ನನ್ನ ಕೈಲಿ ಏನಿದೆ?"
ಟೈಪ್ ಮಾಡಿಸಿದ್ದು ಆಗಲ್ವಂತೆ. ಸ್ವಂತ ಕೈಬರಹದಲ್ಲೇ ಬೇಕಂತೆ. ಒತ್ತಾಯ ಅನ್ನಿಸಬಾರದಲ್ಲ!

ಮೇ 21
ವಕೀಲ ಬರೀಲೇಬೇಡ ಅಂದ. "ಕೇಸು ಹಾಕು, ಗೆಲ್ತೀಯ."
"ಎಷ್ಟು ದಿನಕ್ಕೆ?"
"ದಿನ ಅಲ್ಲ, ವರ್ಷ."
"ಅಷ್ಟರಲ್ಲಿ ಮನೆ?"
ಅತ್ತ ದರಿ, ಇತ್ತ ಪುಲಿ.

ಮೇ 23
ಬರೆದುಕೊಟ್ಟೆ. ಸಾಹೇಬರು ಹೇಳ್ತಾ ಹೋದ್ರು, ನಾನು ಬರೀತಾ ಹೋದೆ. ನೋಡಿ ವಾಪಸ್ ಕೊಟ್ರು. "ಅಕ್ಷರ ನಡುಗಿದೆ. ಬಲವಂತಕ್ಕೆ ಬರೆದ ಹಾಗೆ ಕಾಣುತ್ತೆ. ಇನ್ನೊಂದ್ಸಲ ಬರೀರಿ, ನೀಟಾಗಿ."
ನೀಟಾಗಿ ಬರೆದೆ.
ನಷ್ಟವೆಲ್ಲ ಈಗ ನನ್ನ ತಲೆ ಮೇಲೆ. ಪೈಪು ಸರಿದರೂ ಸಿಮೆಂಟ್ ತರೋಕೆ ಗತಿಯಿಲ್ಲ. ಇವತ್ತು ರದ್ದಾಗೋ ಕೆಲಸ ನಾಳೆ ರದ್ದಾಗುತ್ತೆ, ಅಷ್ಟೇ. ಥೂ, ನನ್ನ ಬಾಳೇ.

ಮೇ 24
ಬೆಳಿಗ್ಗೆ ಅಕ್ಕನ ಫೋನ್. "ಪೇಂಟರ್ ಬಂದಿದಾನೆ ಕಣೋ. ಮನೆ ಉಳೀತಲ್ಲ, ಗೋಡೆಗೆ ಬಣ್ಣ ಹೊಡೆಸ್ತಿದೀನಿ. ಯಾವ ಬಣ್ಣ, ನೀನೇ ಹೇಳು."
ನಿಜ ಹೇಳ್ಬೇಕು ಅಂತ ಬಾಯಿ ತೆರೆದೆ.
ತಿಳಿ ಹಸಿರು ಅಂದೆ.
ಅವಳು ಪೇಂಟರ್‌ಗೆ ಕೂಗಿ ಹೇಳ್ತಿದ್ದದ್ದು ಫೋನಿನಲ್ಲೇ ಕೇಳಿಸ್ತು.