ಅಧಿಕ ಮಾಸ ಮರೆತ ಮಾಸ್ತರನೂ ಶೇಖಮ್ಮನ ಎಮ್ಮೆಗಳೂ

ಮುನ್ಸೀಫ್ ನ್ಯಾಯಾಧೀಶರ ಸನ್ನಿಧಿಗೆ,

ಮಾನ್ಯರೇ, ಹಿರೇಕೊಟ್ನೆಕಲ್ಲಿನ ಶೇಖಮ್ಮನ ಎರಡು ಎಮ್ಮೆಗಳನ್ನು ತಮ್ಮ ಕಚೇರಿ ಜಪ್ತಿ ಮಾಡಿದೆ. ಜಪ್ತಿಗೆ ಮೊದಲು ನೋಟೀಸು ಕೊಡಬೇಕು, ಸಾಲಗಾರರ ಮಾತು ಕೇಳಬೇಕು ಎಂಬ ಕಾಯಿದೆಯನ್ನು ತಾವು ಚಾಚೂ ತಪ್ಪದೆ ಪಾಲಿಸಿದ್ದೀರಿ. ಕಾಗದ ಅವಳ ಕೈ ಸೇರಿದೆ, ಹೆಬ್ಬೆಟ್ಟು ಬಿದ್ದಿದೆ, ವಿಚಾರಣೆಯ ದಿನ ಅವಳು ಬರಲಿಲ್ಲ. ಇಷ್ಟೆಲ್ಲ ಸರಿಯಾಗಿದ್ದೂ ಅನ್ಯಾಯವಾಗಿದೆ. ಅದರಲ್ಲಿ ಅರ್ಧ ಪಾಲು ನನ್ನದು.

ನಾನು ಆ ಊರಿನ ಶಾಲೆಯ ಮಾಸ್ತರ. ಶೇಖಮ್ಮ ನಮ್ಮ ಮನೆಗೆ ಹಾಲು ಹಾಕುತ್ತಿದ್ದ ವಿಧವೆ. ನೋಟೀಸು ಬಂದ ಮರುದಿನ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದು, "ಏನ್ ಬರದಾರ ನೋಡ್ರಿ ಮಾಸ್ತರ್ರ" ಎಂದಳು. ಉರ್ದುವಿನಲ್ಲಿತ್ತು, ಓದಿದೆ. ಗಂಡ ಮಾಡಿದ ಸಾಲಕ್ಕೆ ಎಮ್ಮೆಗಳನ್ನೇಕೆ ಜಪ್ತಿ ಮಾಡಬಾರದೆಂದು ಬಹಮನ್ ತಿಂಗಳ ಏಳನೇ ತಾರೀಖು ಬಂದು ಹೇಳಬೇಕು. ಆ ಸಾಲವನ್ನು ಅವಳು ವೆಂಕೋಬ, ಮೌಲಾಹುಸೇನ ಎಂಬ ಇಬ್ಬರು ನೆರೆಯವರ ಎದುರಿಗೇ ತೀರಿಸಿದ್ದಳು. ಅವರು ಬಂದು ಎರಡು ಮಾತು ಹೇಳಿದ್ದರೆ ಮುಗಿಯುತ್ತಿತ್ತು.

ಆದರೆ ಸೂರ್ಯನ ಲೆಕ್ಕದ ಸರ್ಕಾರಿ ಫಸಲಿ ತಿಂಗಳು ಶೇಖಮ್ಮನಿಗೆ ಹೇಗೆ ತಿಳಿಯಬೇಕು? ಅವಳ ವರ್ಷ ಅಮಾವಾಸ್ಯೆ ಹುಣ್ಣಿಮೆಗಳದ್ದು. ನಾನು ಪಂಚಾಂಗ ತೆಗೆಯದೆ, ಬಾಯಿಲೆಕ್ಕದಲ್ಲೇ, "ಎಳ್ಳಮಾಸಿ ಆಗಿ ಐದನೇ ದಿನ" ಎಂದುಬಿಟ್ಟೆ. ಈ ವರ್ಷ ಅಧಿಕ ಮಾಸ ಬಂದು ಎಳ್ಳು ಅಮಾವಾಸ್ಯೆಯೇ ಒಂದು ತಿಂಗಳು ಮುಂದಕ್ಕೆ ಹೋಗಿತ್ತು, ಅದನ್ನು ಮರೆತಿದ್ದೆ. ಯಾರಾದರೂ ನಂಬಿಯಾರೆ? ಅದೇ ಅಧಿಕ ಮಾಸದ ದಾನವೆಂದು ಜನ ಕೊಟ್ಟ ಮೂವತ್ತಮೂರು ಅನಾರಸದ ಕಜ್ಜಾಯಗಳನ್ನು ತಿಂದವನು ನಾನೇ. ಹೊಟ್ಟೆಗೆ ನೆನಪಿದ್ದ ಮಾಸ ತಲೆಗೆ ನೆನಪಿರಲಿಲ್ಲ.

ನಾನು ಹೇಳಿದ ದಿನ ಅವರು ಮೂವರೂ ಬಂಡಿ ಕಟ್ಟಿಕೊಂಡು ತಮ್ಮ ಕಚೇರಿಗೆ ಬಂದರು. ಒಂದು ತಿಂಗಳು ತಡ. "ಹುಕುಂ ಆಗಿಹೋಗ್ಯದ, ಮನಿಗಿ ಹೋಗ್ರಿ" ಎಂದು ಚಪರಾಸಿ ಬಾಗಿಲಲ್ಲೇ ಹೇಳಿದನಂತೆ. ಮುಂದಿನ ವಾರ ಎಮ್ಮೆಗಳು ಹೋದವು. ಓದು ಬಾರದವಳಿಗೆ, ಅವಳದಲ್ಲದ ಭಾಷೆಯಲ್ಲಿ, ಅವಳು ಎಣಿಸದ ತಿಂಗಳಲ್ಲಿ ಬರೆದು ಕೊಟ್ಟು ಹೆಬ್ಬೆಟ್ಟು ಒತ್ತಿಸಿಕೊಂಡರೆ ತಿಳಿಸಿದಂತಾಯಿತೆ ಮಾನ್ಯರೇ? ಸಾಕ್ಷಿಗಳನ್ನು ಬಾಗಿಲಿನಿಂದಲೇ ತಿರುಗಿಸಿ ಕಳಿಸಿದರೆ ಅದು ವಿಚಾರಣೆಯೆ?

ಹೀಗೆ ಕೇಳುವಾಗಲೂ ನನಗೆ ನಾಚಿಕೆ. ತಮ್ಮ ತಪ್ಪನ್ನು ದೊಡ್ಡದು ಮಾಡಿ ಅದರ ಹಿಂದೆ ನನ್ನದನ್ನು ಬಚ್ಚಿಡಲು ಮೂರು ವಾರ ನೋಡಿದೆ. ಮೊನ್ನೆ ಅವಳು ಹರಾಜಿನ ನೋಟೀಸು ಹಿಡಿದು ಮತ್ತೆ ನಮ್ಮ ಬಾಗಿಲಿಗೇ ಬಂದಳು. ಕಚೇರಿಯ ಲೆಕ್ಕ ಬಲ್ಲ ಅಬ್ದುಲ್ ವಹೀದರ ಬಳಿ ಓದಿಸಿಕೋ ಎಂದೆ.

"ಅವರ್ಯಾಕ್ರಿ? ಹೋದ ಸಲ ನೀವು ಸರಿಯಾಗೇ ಹೇಳಿದ್ರಿ. ಕಚೇರಿಯವರಽ ದಿನ ಬದಲಿ ಮಾಡ್ಯಾರ" ಎಂದಳು.

ನಾನು ನೋಟೀಸು ತೆಗೆದುಕೊಂಡು, ಈ ಸಲ ಪಂಚಾಂಗ ನೋಡಿ, ಹರಾಜಿನ ದಿನವನ್ನಷ್ಟೇ ಹೇಳಿದೆ.

ಹರಾಜು ನಿಲ್ಲಿಸಿ, ಅವಳ ಮಾತನ್ನೂ ಸಾಕ್ಷಿಗಳ ಮಾತನ್ನೂ ಕೇಳಿ. ಇನ್ನು ಮುಂದೆ ನೋಟೀಸು ಕನ್ನಡದಲ್ಲಿ ಬರಲಿ, ತಾರೀಖಿನ ಜೊತೆ ತಿಥಿಯೂ ಇರಲಿ, ತಂದವನು ಓದಿ ಹೇಳಿ ಆಮೇಲೆ ಹೆಬ್ಬೆಟ್ಟು ಕೇಳಲಿ. ನನ್ನನ್ನು ಕರೆಸಿದರೆ ಬಂದು ತಪ್ಪೊಪ್ಪಿಕೊಳ್ಳುತ್ತೇನೆ. ಅದಕ್ಕಿಂತ ಮೊದಲು, ಪತ್ರಿಕೆಗೂ ಕಳಿಸಿರುವ ಈ ಪತ್ರ ಅಚ್ಚಾಗಿ ಬಂದಾಗ ಇದನ್ನು ಶೇಖಮ್ಮನಿಗೆ ನಾನೇ ಓದಿ ಹೇಳಬೇಕು. ಬೇರೆ ಯಾರ ಬಳಿಯೂ ಅವಳು ಓದಿಸುವುದಿಲ್ಲ.

ಇಂತಿ,
ಮನೆಯಲ್ಲಿದ್ದ ಪಂಚಾಂಗ ತೆಗೆಯದ
ವಾದಿರಾಜ ಮಾಸ್ತರ